ಅಪ್‌ಡೇಟ್: ಲೈನ್ ಮನೆ ಅಕ್ಕನ ಎದೆಯ ಗಂಟು

ಕೊಡಗಿನ ಸಿದ್ದಾಪುರ ಹತ್ತಿರ ನಮ್ಮ ಕಾಫಿ ತೋಟದ ಲೈನ್‌ನಲ್ಲಿರುವ (ಕೂಲಿಯವರ ಸಾಲುಮನೆ) ಅಕ್ಕನಿಗೆ ಎದೆಯಲ್ಲಿ ಗಂಟಿದೆ, ನೋವಿಲ್ಲವಲ್ಲ ಎಂದು ತೋರಿಸಲು ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಆಶಾ ಕಾರ್ಯಕರ್ತೆಯನ್ನು ಹಿಡಿಯಿರಿ ಅಂದವರಿಗೆ ಥ್ಯಾಂಕ್ಸ್. ಅದೇ ಕೆಲಸ ಮಾಡಿತು.

ಅಕ್ಕನಿಗೆ ಕಾಯಿಲೆಗಿಂತ ಜಾಸ್ತಿ ಹೆದರಿಕೆ ಇದ್ದದ್ದು ಗಂಡು ಡಾಕ್ಟರ್ ಮುಟ್ಟುತ್ತಾರೆ ಅಂತ. ಕಾಫಿ ಕೊಯ್ಲು ಬೇರೆ, ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ದುಡ್ಡಿಲ್ಲದೆ ಸ್ತನ ತಪಾಸಣೆ ಇದೆ ಎಂಬುದು ಲೈನ್‌ನಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಕೈಯಲ್ಲಿ ಮುಟ್ಟಿ ನೋಡಿದ್ದು ನರ್ಸಮ್ಮ. ಅಲ್ಲಿಂದ ಮಡಿಕೇರಿಗೆ ಬರೆದುಕೊಟ್ಟರು. ಅಕ್ಕನಿಗೆ 34 ವರ್ಷ. ಈ ವಯಸ್ಸಿಗೆ ಮ್ಯಾಮೊಗ್ರಾಮ್‌ಗಿಂತ (ಸ್ತನದ ಎಕ್ಸ್‌ರೇ) ಅಲ್ಟ್ರಾಸೌಂಡ್ ಮೊದಲಂತೆ. ಆಮೇಲೆ ಸೂಜಿ ಪರೀಕ್ಷೆ, ಅಂದರೆ ಗಂಟಿನಿಂದ ಸೂಜಿಯಲ್ಲಿ ಸ್ವಲ್ಪ ತೆಗೆದು ನೋಡುವುದು. ಇಷ್ಟರಲ್ಲಿ ಬಸ್ಸಿಗೆ ಕಾದದ್ದೇ ಜಾಸ್ತಿ!

ಕ್ಯಾನ್ಸರ್ ಅಲ್ಲ, ಫೈಬ್ರೋಅಡಿನೋಮಾ ಎಂಬ ಸಾಧಾರಣ ಗಂಟು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಹಾಗಾಗಿ ನೋವಿಲ್ಲ ಅಂತ ಸುಮ್ನೆ ಕೂರಬೇಡಿ ಎಂದು ಡಾಕ್ಟರ್ ಒತ್ತಿ ಹೇಳಿದರು. ಆರು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು.

ಈಗ ಪಕ್ಕದ ಮನೆಯವರೂ ಕೇಳುತ್ತಿದ್ದಾರೆ. ಕೊಯ್ಲು ಮುಗಿಸಿ ಬಂದ ಮೇಲೆ, ಸಂಜೆ ಹೊತ್ತು ನರ್ಸಮ್ಮ ಲೈನಿಗೇ ಬಂದು ನೋಡುತ್ತಾರಾ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದ್ದೇವೆ. ತೋಟದ ರೈಟರ್ (ಲೆಕ್ಕ ನೋಡುವವರು) ಒಪ್ಪಿದ್ದಾರೆ, ನರ್ಸಮ್ಮನ ಉತ್ತರ ಬರಬೇಕು.