ಪದ ಬೇಕು (ತುರ್ತು): ಗಿರಣಿ ಜಾಗದ ಫಲಕಕ್ಕೆ ‘ಅಫೋರ್ಡಬಲ್ ಹೌಸಿಂಗ್’

ಕೇಳಿದವರು: ಅನುವಾದಕಿ, ಮುಂಬೈ

ಎಲ್ಲರಿಗೂ ನಮಸ್ಕಾರ. ಪರೇಲ್, ಲಾಲ್‌ಬಾಗ್ ಕಡೆಯ ಹಳೇ ಬಟ್ಟೆ ಗಿರಣಿಗಳ ಬಗ್ಗೆ ಇಲ್ಲೊಂದು ಸಣ್ಣ ಚಿತ್ರ ಪ್ರದರ್ಶನ ಇದೆ. ಫಲಕಗಳು ಮರಾಠಿಯಲ್ಲಿವೆ, ಕನ್ನಡ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆ ಪ್ರೆಸ್‌ಗೆ ಹೋಗಬೇಕು. ಸಿಕ್ಕಿಹಾಕಿಕೊಂಡಿರುವ ಸಾಲು ಇದು:

“1991ರ ನಿಯಮದಂತೆ, ಗಿರಣಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಸುಮಾರು ಮೂರನೇ ಒಂದು ಪಾಲು ಬಯಲಿಗೆ, ಇನ್ನೊಂದು ಪಾಲು ........ಗೆ, ಉಳಿದದ್ದು ಮಾಲೀಕರಿಗೆ.”

ಮರಾಠಿಯಲ್ಲಿ ‘ಪರವಡಣಾರೀ ಘರೇ’ ಅಂತ ಇದೆ. ಸಲೀಸಾಗಿ ಎರಡೇ ಪದ. ನಮ್ಮ ಸರ್ಕಾರಿ ಕಾಗದಗಳ ‘ಕೈಗೆಟುಕುವ ದರದ ವಸತಿ’ ಹಾಕಿದರೆ ಸಾಲು ಭಾರವಾಗುತ್ತದೆ. ಜೊತೆಗೆ ‘ಬಂದ್ ಪಡಲೇಲೀ ಗಿರಣಿ’ಗೆ ಪಾಳು, ಹಾಳು, ಬೀಳು ಇವುಗಳಲ್ಲಿ ಯಾವುದು ಸರಿ?

ಉತ್ತರ: ಮೈಸೂರು

‘ಕೈಗೆಟುಕುವ ಮನೆ’. ಮುಗಿಯಿತು. ‘ದರದ’ ಯಾಕೆ? ಮನೆ ಕೈಗೆಟುಕುವುದು ದರದಿಂದಲ್ಲದೆ ಏಣಿಯಿಂದ ಅಲ್ಲವಲ್ಲ. ‘ವಸತಿ’ಯಂತೂ ಬೇಡವೇ ಬೇಡ, ಕನ್ನಡಕ್ಕೆ ಮನೆ ಇದೆ.

ಯಾರಾದರೂ ‘ಸೂರು’ ಅಂತ ಸಲಹೆ ಕೊಡುವ ಮೊದಲೇ ಹೇಳಿಬಿಡುತ್ತೇನೆ. ಸೂರು ಅಂದರೆ ಮಾಡಿನ ಅಂಚು, ಮಳೆ ನೀರು ಇಳಿಯುವ ಜಾಗ. ‘ಸರ್ವರಿಗೂ ಸೂರು’ ಅಂತ ಸರ್ಕಾರ ಕೂಗಿದಾಗಲೆಲ್ಲ ನನಗೆ ಸೂರಿನ ಕೆಳಗೆ ನೆನೆಯುತ್ತಾ ನಿಂತ ಜನರೇ ಕಣ್ಣಿಗೆ ಬರುತ್ತಾರೆ.

ಉತ್ತರ: ಧಾರವಾಡ

ಮರಾಠಿಯ ‘ಪರವಡಣೇ’ಗೆ ಸರಿಸಾಟಿಯಾದ ಅಚ್ಚಗನ್ನಡ ಕ್ರಿಯಾಪದ ನಮ್ಮಲ್ಲೇ ಇದೆ: ಗಿಟ್ಟು. ಸಂತೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ‘ಈ ರೇಟಿಗೆ ಗಿಟ್ಟಂಗಿಲ್ಲ’ ಅನ್ನುತ್ತಾರೆ. ‘ಗಿಟ್ಟುವ ಮನೆ’ ಅನ್ನಿ.

ಪಾಳು, ಹಾಳು ಎರಡೂ ಒಂದೇ. ಹಳಗನ್ನಡದ ‘ಪಾೞ್’, ತಮಿಳಿನಲ್ಲಿ ಇವತ್ತಿಗೂ ‘ಪಾೞ್’. ಪಕಾರ ಹಕಾರವಾದಾಗ ಪಾಲು ಹಾಲಾಯಿತು, ಪಾವು ಹಾವಾಯಿತು, ಪಾಳು ಹಾಳಾಯಿತು. ಆದರೆ ಪಾಳು ಮಾತ್ರ ಪೂರ್ತಿ ಹೋಗಲಿಲ್ಲ. ‘ಪಾಳು ಬಾವಿ’, ‘ಪಾಳು ದೇಗುಲ’ದಲ್ಲಿ ಉಳಿಯಿತು. ‘ಹಾಳು’ ಬೈಗುಳದ ಕಡೆ ಜಾರಿತು. ‘ಹಾಳು ಗಿರಣಿ’ ಅಂದರೆ ಗಿರಣಿಗೆ ಶಾಪ ಹಾಕಿದ ಹಾಗೆ. ಪಾಳು ಗಿರಣಿಯೇ ಸರಿ. ಬೀಳು ಉಳುವ ನೆಲಕ್ಕೆ ಮಾತ್ರ.

ಉತ್ತರ: ಬೆಂಗಳೂರು

ಧಾರವಾಡದ ಹಿರಿಯರಿಗೆ ಒಂದು ತಕರಾರು. ಸಂತೆಯಲ್ಲಿ ‘ಗಿಟ್ಟಂಗಿಲ್ಲ’ ಅನ್ನುವವರು ಬಹುಪಾಲು ಮಾರುವವರು. ಹೂಡಿದ್ದು ವಾಪಸ್ ಬಂದರೆ ಗಿಟ್ಟಿತು. ‘ಗಿಟ್ಟುವ ಮನೆ’ ಅಂದರೆ ಬಿಲ್ಡರಿಗೆ ಗಿಟ್ಟಿದ ಮನೆ ಆಗುತ್ತದೆ. ಮುಂಬೈ ಗಿರಣಿ ಜಾಗದಲ್ಲಿ ಆಗಿದ್ದೂ ಅದೇ ಅಲ್ವಾ?

‘ಅಗ್ಗದ ಮನೆ’ ಅಂತ ಇನ್ನೂ ಯಾರೂ ಬರೆದಿಲ್ಲ, ಪುಣ್ಯ. 2019ರ ಏಪ್ರಿಲ್‌ನಿಂದ ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷ ರೂಪಾಯಿವರೆಗಿನ ಮನೆ ‘ಅಫೋರ್ಡಬಲ್’. ಮುಂಬೈ, ಬೆಂಗಳೂರಿನಂಥ ಊರಿನಲ್ಲಿ 60 ಚದರ ಮೀಟರ್ ದಾಟಬಾರದು, ಅಷ್ಟೆ. ಅದೇ ಕೇಂದ್ರದ ಆವಾಸ್ ಯೋಜನೆ 2015ರಲ್ಲಿ ಬಡ ಕುಟುಂಬ ಅಂದದ್ದು ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವವರನ್ನು. 3 ಲಕ್ಷದವರ ಕೈ 45 ಲಕ್ಷಕ್ಕೆ ಎಟುಕುವುದು ಹೇಗೆ? ಹಾಗಾಗಿ ಈ ಪದ ಯಾವ ಭಾಷೆಯಲ್ಲಿದ್ದರೂ ನನಗೆ ಅನುಮಾನವೇ.

ಈಗ ಫಲಕಕ್ಕೆ ಬರುತ್ತೇನೆ. ಮೇಡಂ, 1991ರ ಸಾಲಿನಲ್ಲಿ ಈ ಪದವನ್ನೇ ಹಾಕಬೇಡಿ. ಆ ನಿಯಮ ಆ ಪಾಲನ್ನು ಕೊಟ್ಟದ್ದು ಮ್ಹಾಡಾಗೆ, ಅಂದರೆ ಮಹಾರಾಷ್ಟ್ರದ ಗೃಹ ನಿರ್ಮಾಣ ಮಂಡಳಿಗೆ, ಸಾರ್ವಜನಿಕ ವಸತಿಗಾಗಿ. ಸಾರ್ವಜನಿಕ ಅಂದರೆ ಯಾರು ಕಟ್ಟಬೇಕು ಅನ್ನೋದು ಗೊತ್ತಾಗುತ್ತದೆ. ‘ಕೈಗೆಟುಕುವ’ ಅಂದರೆ ಯಾರು ಬೇಕಾದರೂ ಕಟ್ಟಿ ಮಾರಬಹುದು. 58 ಗಿರಣಿ, ಸುಮಾರು 600 ಎಕರೆ. ಜಗಳವೆಲ್ಲ ನಡೆದದ್ದು ಆ ಪಾಲಿನ ಮೇಲೆಯೇ. 2001ರ ತಿದ್ದುಪಡಿ ‘ಜಾಗದ ಮೂರನೇ ಒಂದು ಪಾಲು’ ಅನ್ನುವುದನ್ನು ‘ಖಾಲಿ ಜಾಗದ ಮೂರನೇ ಒಂದು ಪಾಲು’ ಮಾಡಿತು. ಗಿರಣಿ ಅಂದಮೇಲೆ ಬಹುಪಾಲು ಶೆಡ್ಡುಗಳೇ, ಖಾಲಿ ಎಲ್ಲಿರುತ್ತದೆ? ಹೈಕೋರ್ಟು ತಿದ್ದುಪಡಿಗೆ ಅಡ್ಡ ಬಂತು, 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಇಡೀ ಕಥೆ ‘ಖಾಲಿ’ ಅನ್ನುವ ಒಂದು ಪದದ ಮೇಲೆ ನಿಂತಿರುವಾಗ ನಾವು ಎಟುಕು, ಗಿಟ್ಟು ಅಂತ ಕೂತಿದ್ದೇವೆ.

‘ಪಾಳು’ ಕೂಡ ಬೇಡ. ಪಾಳು ಬೀಳುವುದು ತಾನಾಗಿ. ಇವು ಮುಚ್ಚಿದ ಗಿರಣಿಗಳು.

ಉತ್ತರ: ಮೈಸೂರು

ಸಾರ್ವಜನಿಕ, ನಿರ್ಮಾಣ, ಮಂಡಳಿ. ಒಂದು ಮನೆ ಕಟ್ಟಲು ಎಷ್ಟು ಸಂಸ್ಕೃತ ಸುರಿಯಬೇಕು? ಮ್ಹಾಡಾದ ಇತಿಹಾಸ ಯಾರೂ ಕೇಳಿರಲಿಲ್ಲ.

ಉತ್ತರ: ಶಿವಮೊಗ್ಗ

ವಸತಿ ಬೇಡ ಅನ್ನುವವರು ಬಸದಿಯನ್ನು ಏನು ಮಾಡುತ್ತೀರಿ? ಅದು ವಸತಿಯ ತದ್ಭವವೇ. ಶ್ರವಣಬೆಳಗೊಳಕ್ಕೆ ಹೋಗಿ ‘ಜಿನಮನೆ’ ಅಂತ ಬೋರ್ಡು ಹಾಕಿಸುತ್ತೀರಾ? ಅಂದಹಾಗೆ ನೀವೇ ಬರೆದ ‘ಜಾಗ’ ಪಾರಸಿ ಮೂಲದ್ದು.

ಉತ್ತರ: ಮೈಸೂರು

ಬಸದಿ ಅರಗಿದ ಪದ, ವಸತಿ ಅರಗದ ಪದ. ವ್ಯತ್ಯಾಸ ತಿಳಿಯದವರ ಜೊತೆ ವಾದ ಇಲ್ಲ.

ಉತ್ತರ: ಧಾರವಾಡ

ಸಾವಿರ ವರ್ಷದಿಂದ ಬಳಕೆಯಲ್ಲಿರುವ ‘ವಸತಿ’ ಅರಗಿಲ್ಲ ಅಂದರೆ ತೊಂದರೆ ಹೊಟ್ಟೆಯದು, ಊಟದ್ದಲ್ಲ. ಆದರೂ ಗಿಟ್ಟು ಬರೀ ಮಾರುವವರದಲ್ಲ. ನಮ್ಮ ಕಡೆ ಬಾಡಿಗೆಗೆ ಇರುವವರೂ ‘ಈ ಬಾಡಿಗೆ ಗಿಟ್ಟಂಗಿಲ್ಲ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಕೂತು ತೀರ್ಪು ಕೊಡಬೇಡಿ.

ಉತ್ತರ: ಅನುವಾದಕಿ, ಮುಂಬೈ

ಎಲ್ಲರಿಗೂ ಥ್ಯಾಂಕ್ಸ್. ಪ್ರೆಸ್‌ಗೆ ಕಳಿಸಿದೆ. 1991ರ ಸಾಲು ಈಗ ಹೀಗಿದೆ: “...ಇನ್ನೊಂದು ಪಾಲು ಮ್ಹಾಡಾ ಕಟ್ಟುವ ಸಾರ್ವಜನಿಕ ಮನೆಗಳಿಗೆ”. ಮರಾಠಿ ಫಲಕ ಮಾಡಿದವರಿಗೂ ತೋರಿಸಿದೆ, ಅವರೂ ತಿದ್ದುತ್ತಾರಂತೆ. 2012ರಲ್ಲಿ ಕಾರ್ಮಿಕರಿಗೆ ಲಾಟರಿಯಲ್ಲಿ ಹಂಚಿದ ಮನೆಗಳ ಫಲಕಕ್ಕೆ ಯಾವ ವಿಶೇಷಣವೂ ಇಲ್ಲ, ‘225 ಚದರ ಅಡಿಯ ಮನೆ’ ಅಂತಷ್ಟೇ ಬರೆದೆ. ಪಾಳು ಹೋಗಿ ‘ಮುಚ್ಚಿದ ಗಿರಣಿ’ ಬಂದಿದೆ. ‘ಚಾಳ್’ ಮಾತ್ರ ಹಾಗೇ ಬಿಟ್ಟಿದ್ದೇನೆ.

ಉತ್ತರ: ಮೈಸೂರು

ವಠಾರ ಇರುವಾಗ ಚಾಳ್ ಯಾಕೆ?