ಅಪ್‌ಡೇಟ್: ಎಕ್ಸ್‌ರೇಗೆ ಕಾಣದ ಮಣಿಕಟ್ಟಿನ ಬಿರುಕು ಎಂಆರ್‌ಐಗೆ ಸಿಕ್ಕಿತು

ಗದ್ದೆ ಬದುವಿನ ಮೇಲೆ ಜಾರಿ, ಕೈ ಊರಿ ಬಿದ್ದ ತಮ್ಮನಿಗೆ ಎಕ್ಸ್‌ರೇ ನಾರ್ಮಲ್ ಬಂದರೂ ಮಣಿಕಟ್ಟು ನೋವು ಹೋಗುತ್ತಿಲ್ಲ ಅಂತ ಮಂಡ್ಯದಿಂದ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ಎಣ್ಣೆ ಹಚ್ಚಿ ನೀವಿ ಅಂದಿದ್ದರು ಕೆಲವರು. ಅಮ್ಮ ನೀವಿದರು, ಊತ ಜಾಸ್ತಿ ಆಯ್ತು, ಅಷ್ಟೇ. ಕ್ರೇಪ್ ಬ್ಯಾಂಡೇಜೂ ಉಪಯೋಗಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು, "ಹೆಬ್ಬೆರಳು ಎತ್ತಿದಾಗ ಬುಡದಲ್ಲಿ ಬೀಳುವ ಗುಳಿ ಒತ್ತಿ ನೋಡಿ, ನೋವಿದ್ದರೆ ಎಂಆರ್‌ಐ ಬಗ್ಗೆ ಕೇಳಿ" ಅಂದವರ ಮಾತು. ಒತ್ತಿದ ಕೂಡಲೇ ಕೂಗಿಕೊಂಡ. ಮೈಸೂರಿನ ಮೂಳೆ ಡಾಕ್ಟರೂ ಅಲ್ಲೇ ಒತ್ತಿ ನೋಡಿ ಎಂಆರ್‌ಐ ಬರೆದರು.

ಸುಮ್ನೆ ಅಂಗಾತ ಮಲಗೋದು ಅಂದುಕೊಂಡಿದ್ದೆವು. ಇವನನ್ನು ಬೋರಲು ಮಲಗಿಸಿ, ಕೈಯನ್ನು ತಲೆಯ ಮುಂದಕ್ಕೆ ಚಾಚಿಸಿದರು. ಮಣಿಕಟ್ಟು ಮೆಷಿನ್ನಿನ ನಟ್ಟನಡುವೆ ಇದ್ದರೆ ಚಿತ್ರ ಚೆನ್ನಾಗಿ ಬರುತ್ತಂತೆ. ಅಲ್ಲಾಡುವ ಹಾಗಿಲ್ಲ. ಮಣಿಕಟ್ಟಿಗಿಂತ ಭುಜ ಜೋಮು ಹಿಡಿದದ್ದೇ ಕಷ್ಟ ಆಯ್ತು ಅಂದ. ಅದಕ್ಕೂ ಮೊದಲು, ಮೈಮೇಲೆ ಲೋಹ ಇರಬಾರದು ಅಂತ ಬೆಳ್ಳಿ ಉಡಿದಾರ ಬಿಚ್ಚೋಕೆ ಬೇರೆ ಒದ್ದಾಟ, ಕೊಂಡಿ ಬಿಗಿದು ಕೂತಿತ್ತು! ಚಿತ್ರ ಇನ್ನೂ ಸ್ಪಷ್ಟವಾಗಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗಲಿಲ್ಲ.

ರಿಪೋರ್ಟಿನಲ್ಲಿ ಸ್ಕೇಫಾಯ್ಡ್ ಅನ್ನೋ, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆ ಇರುವ ಪುಟ್ಟ ಮೂಳೆಯಲ್ಲಿ ಸಣ್ಣ ಬಿರುಕು, ಸುತ್ತ ಮಜ್ಜೆಯಲ್ಲಿ ಊತ. ಇಂಥ ಹೊಸ ಬಿರುಕು ಎಷ್ಟೋ ಸಲ ಎಕ್ಸ್‌ರೇಗೆ ಕಾಣೋದಿಲ್ಲ, ಎಂಆರ್‌ಐಗೆ ಆ ಊತ ಬೇಗ ಸಿಗುತ್ತೆ ಅಂದರು. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತಂತೆ. ಬಿರುಕು ಬಿಟ್ಟರೆ ಹಿಂದಿನ ಭಾಗಕ್ಕೆ ರಕ್ತ ಕಡಿಮೆಯಾಗಬಹುದು, ಅದಕ್ಕೇ ಹಾಗೇ ಬಿಟ್ಟರೆ ಕೂಡಿಕೊಳ್ಳೋದು ಕಷ್ಟ. ಇವನ ಮೂಳೆ ತುಂಡುಗಳು ಜಾಗ ಬಿಟ್ಟು ಜರುಗಿಲ್ಲವಾದ್ದರಿಂದ ಆಪರೇಷನ್ ಬೇಡ, ಪ್ಲಾಸ್ಟರ್ ಸಾಕು ಎಂದಿದ್ದಾರೆ. ಸದ್ಯ ಎಡಗೈಯಲ್ಲಿ ಮುದ್ದೆ ಮುರಿಯೋಕೆ ಒದ್ದಾಡುತ್ತಿದ್ದಾನೆ. ಗುಳಿ ಒತ್ತಿ ಅಂದವರಿಗೆ ದೊಡ್ಡ ಥ್ಯಾಂಕ್ಸ್.