ರೇಸಿಸ್ಟ್ ಕ್ಯಾರಿಕೇಚರ್‌ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಗೆಳೆಯರೇ,
ಹಳೆಯ ಎಲ್‌ಪಿ ರೆಕಾರ್ಡ್ ಕವರ್‌ಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. 1968ರ 'ಚೀಪ್ ಥ್ರಿಲ್ಸ್' ಹತ್ತಿರ ಸಿಕ್ಕಿಹಾಕಿಕೊಂಡೆ. ಜಾನಿಸ್ ಜಾಪ್ಲಿನ್ ಹಾಡಿರುವ ಆಲ್ಬಮ್, ಕವರ್ ಅಮೆರಿಕದ ಕಾಮಿಕ್ಸ್ ಚಿತ್ರಕಾರ ರಾಬರ್ಟ್ ಕ್ರಂಬ್‌ದು. ಹಾಡಿಗೊಂದು ಚೌಕ. 'ಸಮರ್‌ಟೈಮ್' ಚೌಕದಲ್ಲಿ ಅಳುವ ಮಗುವನ್ನು ಎತ್ತಿಕೊಂಡ ಕಪ್ಪು ಹೆಂಗಸು, ಮುಖದ ತುಂಬ ತುಟಿ. 'ಜನಾಂಗೀಯ ವ್ಯಂಗ್ಯಚಿತ್ರ' ಅಂತ ಬರೆದರೆ ಯಾವುದೋ ಜನಾಂಗದ ಕಲೆ ಅನ್ನಿಸುತ್ತದೆ. ಕ್ರಂಬ್ ಬರೆಯುತ್ತಿದ್ದ 'ಅಂಡರ್‌ಗ್ರೌಂಡ್ ಕಾಮಿಕ್ಸ್'ಗೆ 'ಭೂಗತ' ಅಂದರೆ ಡಾನ್‌ಗಳೇ ಕಣ್ಣಮುಂದೆ. ಫ್ಲೆಕ್ಸ್‌ನವನು ಐದಕ್ಕೆ ಫೈಲ್ ಕೇಳಿದ್ದಾನೆ.

———

ಅಣಕುಚಿತ್ರ. ಮುಗಿಯಿತು. ವ್ಯಂಗ್ಯ, ವಿಡಂಬನೆ, ಜನಾಂಗ ಎಲ್ಲ ಸಂಸ್ಕೃತದ ಸಾಲ, ಎಷ್ಟು ಸಲ ಹೇಳುವುದು?

———

ಅಷ್ಟು ಬೇಗ ಮುಗಿಯುವುದಿಲ್ಲ. ಕ್ಯಾರಿಕೇಚರ್‌ನ ಬೇರು ಇಟಾಲಿಯನ್ನಿನ 'ಕರಿಕಾರೆ', ಅಂದರೆ ಹೇರುವುದು. ಆದ್ದರಿಂದ 'ಹೇರುಚಿತ್ರ'. ಹೋದ ವರ್ಷವೂ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 'ವ್ಯಂಗ್ಯ' ಮಾತ್ರ ಬೇಡವೇ ಬೇಡ. ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನನ ಲೆಕ್ಕದಲ್ಲಿ ವ್ಯಂಗ್ಯ ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯುವ ಅರ್ಥ. ಆ ತುಟಿಯಲ್ಲಿ ಹೊಳೆಯುವುದೇನಿದೆ, ಕಣ್ಣಿಗೇ ರಾಚುತ್ತದಲ್ಲ.

———

ಮೇಷ್ಟ್ರೇ, ಹೇರುಚಿತ್ರ ಅಂದರೆ ಲಾರಿ ಫೋಟೋ ಅಂದುಕೊಳ್ಳುತ್ತಾರೆ. ಅಣಕವೂ ಸಾಲದು. ಮಂತ್ರಿಯೊಬ್ಬರ ಮೂಗು ಉದ್ದ ಮಾಡಿ ಬರೆದರೆ ಅದು ಅವರದೇ ಮೂಗು. ಇಲ್ಲಿರುವುದು ಯಾರ ಮುಖವೂ ಅಲ್ಲ. 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು 'ಜಿಮ್ ಕ್ರೋ' ಎಂಬ ಕಪ್ಪು ಮನುಷ್ಯನ ವೇಷದಲ್ಲಿ ಕುಣಿದ. ಸುಟ್ಟ ಬಿರಡೆಯ ಮಸಿಯ ಈ ವೇಷ ಅಮೆರಿಕದ ತುಂಬ ಹಬ್ಬಿತು, ಅಲ್ಲಿಂದ ಹಾಡಿನ ಪುಸ್ತಿಕೆಗಳ ಮುಖಪುಟಕ್ಕೆ ಬಂತು, ಜಾಹೀರಾತಿಗೆ ಬಂತು, ಕಾಮಿಕ್ಸ್‌ಗೂ ಬಂತು. ಕ್ರಂಬ್‌ನ ಏಂಜಲ್‌ಫುಡ್ ಮೆಕ್‌ಸ್ಪೇಡ್ ಎಂಬ ಕಪ್ಪು ಹೆಂಗಸಿನ ಕಾಮಿಕ್ಸ್ ಪಾತ್ರದ್ದೂ ಅದೇ ಮುಖ. ತಮಾಷೆ ನೋಡಿ, ಇದೇ ಕ್ರಂಬ್ 1980ರಲ್ಲಿ ಬ್ಲೂಸ್ ಹಾಡುಗಾರರ ಕಾರ್ಡುಗಳನ್ನು ಬರೆದಾಗ ಒಬ್ಬೊಬ್ಬರಿಗೂ ಅವರವರದೇ ಮುಖ ಕೊಟ್ಟ. ಅಂದರೆ ಕೈ ಬರುತ್ತಿರಲಿಲ್ಲ ಅಂತಲ್ಲ. ಹಾಗಾಗಿ 'ಮಸಿಮುಖ'. ಮುಖಕ್ಕೆ ಮಸಿ ಬಳಿದರೆ ಬಳಿಸಿಕೊಂಡವನಿಗೆ ಅವಮಾನ ಅಲ್ವಾ? ಇಲ್ಲಿ ಬಳಿದುಕೊಂಡವನು ಬಿಳಿಯ, ಅವಮಾನ ಇನ್ನೊಬ್ಬರಿಗೆ.

———

ಮಸಿ ಅಂದರೆ ಅವಮಾನ ಅಂತ ಫಲಕದಲ್ಲಿ ಬರೆದರೆ ಕಪ್ಪೇ ಅವಮಾನ ಅಂತ ನೀವೂ ಒಪ್ಪಿಕೊಂಡ ಹಾಗೆ. ಯೋಚಿಸಿ. ಇನ್ನು ಕ್ರಂಬ್, ತಾನು ಗೇಲಿ ಮಾಡಿದ್ದು ರೇಸಿಸಮ್ಮನ್ನೇ ಅನ್ನುವವನು. ಅದನ್ನು ಒಪ್ಪದಿದ್ದರೂ ಫಲಕದಲ್ಲಿ ಒಂದು ಸಾಲು ಬರಲಿ.

———

ಮಸಿ ಬಂದದ್ದು ಸಂಸ್ಕೃತದ 'ಮಷಿ'ಯಿಂದ. ಅಣಕುಚಿತ್ರದವರು ಈಗ ಯಾಕೆ ಸುಮ್ನಿದ್ದಾರೆ?

———

ನಮ್ಮ ಮಸಿಯನ್ನು ಅವರು ಮಷಿ ಮಾಡಿಕೊಂಡರು. ಸಾಲ ಕೊಟ್ಟವರಿಗೇ ಬಡ್ಡಿ ಕೇಳಬೇಡಿ.

———

ಸ್ವಾಮಿ, ಐದಕ್ಕೆ ಹತ್ತು ನಿಮಿಷ ಇದೆ. ಆ ಜಗಳ ರಾತ್ರಿಗಿರಲಿ. ಅಂಡರ್‌ಗ್ರೌಂಡ್?

———

ಅವು ಕದ್ದುಮುಚ್ಚಿ ಮಾರಿದವಲ್ಲ. ಅಮೆರಿಕದ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು 'ಕಾಮಿಕ್ಸ್ ಕೋಡ್'. ಅದರ ಮುದ್ರೆ ಬೇಕಿಲ್ಲ ಅಂತ ಹೊರಗಿಂದ ಬಂದವು. 'ಹಂಗಿಲ್ಲದ ಕಾಮಿಕ್ಸ್' ಅನ್ನಿ. ಅವರು 'comics' ಅನ್ನದೆ ಕೊನೆಗೆ ಬೇಕೆಂದೇ ಎಕ್ಸ್ ಅಕ್ಷರ ಹಾಕಿ 'comix' ಅಂತ ಬರೆಯುತ್ತಿದ್ದರು, ಆ ಕೊಬ್ಬು ನಮ್ಮ ಲಿಪಿಯಲ್ಲಿ ಕಾಣುವುದೇ ಇಲ್ಲ, ಬಿಡಿ.

———

ಕಳಿಸಿಬಿಟ್ಟೆ: "ಕಪ್ಪು ಜನರನ್ನು ಹೀಗಳೆಯುವ ಹಳೆಯ ವೇಷದ ಮುಖ, ಹಂಗಿಲ್ಲದ ಕಾಮಿಕ್ಸ್‌ನಿಂದ ರೆಕಾರ್ಡ್ ಕವರ್‌ಗೆ. ಗೇಲಿ ಮಾಡಿದ್ದು ರೇಸಿಸಮ್ಮನ್ನೇ ಎಂಬುದು ಚಿತ್ರಕಾರನ ಮಾತು." ಚಿತ್ರ ಅನ್ನುವ ಪದವನ್ನೇ ಬಿಟ್ಟೆ, ಅದು ಎದುರಿಗೇ ಇರುತ್ತದೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.